ಚಿಕ್ಕ ಶಾಲೆಯಲ್ಲಿ ಯಾರೂ ಸುಮ್ಮನೆ ಕೂರುವ ಹಾಗಿಲ್ಲ

ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ ಇದು. ಎಳೆದಾಡಿದ ಕಡೆ ಸ್ವಲ್ಪ ಕತ್ತರಿಸಿದ್ದೇನೆ. ಉಳಿದದ್ದು ಹೆಚ್ಚು ಕಡಿಮೆ ಆಡಿದ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ.

ಬಸವನಗುಡಿಯಲ್ಲಿ ನಿಂತು ಹಳ್ಳಿ ಹೈಸ್ಕೂಲಿನ ಬಗ್ಗೆ ಮಾತಾಡುವಾಗ ಎಚ್. ನರಸಿಂಹಯ್ಯನವರನ್ನು ಬಿಟ್ಟು ಶುರು ಮಾಡಿದರೆ ನೀವೇ ಬಯ್ಯುತ್ತೀರಿ. 1920ರಲ್ಲಿ ಹುಟ್ಟಿದವರು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಊರಲ್ಲಿ ಹೈಸ್ಕೂಲು ಇರಲಿಲ್ಲ. 1935ರಲ್ಲಿ ಬಸ್ಸಿಗೆ ದುಡ್ಡಿಲ್ಲದೆ ಎರಡು ದಿನ ನಡೆದುಕೊಂಡು ಬೆಂಗಳೂರಿಗೆ ಬಂದರು, ಇಲ್ಲೇ ನ್ಯಾಷನಲ್ ಹೈಸ್ಕೂಲಿಗೆ ಸೇರಿದರು. ಮುಂದಿನ ವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡದಲ್ಲಿ ಹೇಳಿದ್ದು ಈ ಹುಡುಗನೇ. ಈ ಕಥೆ ನಿಮಗೆಲ್ಲ ಗೊತ್ತು. ನಡೆದು ಬಂದದ್ದನ್ನು ನಾವು ತುಂಬ ಹೊಗಳುತ್ತೇವೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಆಮೇಲಿನ ಭಾಗ. ಮುಂದೆ ಪ್ರಿನ್ಸಿಪಾಲರಾಗಿ, ಕುಲಪತಿಯಾಗಿ ಇಷ್ಟು ದೊಡ್ಡ ಹೆಸರು ಮಾಡಿದ ಮನುಷ್ಯ ತಮ್ಮ ಹೊಸೂರಿಗೇ ಒಂದು ಹೈಸ್ಕೂಲು ತಂದರು, ಗೌರಿಬಿದನೂರು, ಬಾಗೇಪಲ್ಲಿಗಳಿಗೆ ಕಾಲೇಜು ತಂದರು. ಮಕ್ಕಳು ಶಾಲೆ ಹುಡುಕಿಕೊಂಡು ನಡೆಯುವುದರ ಬದಲು ಶಾಲೆಯೇ ಮಕ್ಕಳ ಹತ್ತಿರ ಹೋಗಲಿ ಅಂತ. ಈಗ ನಾವು ಹೊರಟಿರುವುದು ವಾಪಸ್ಸು ದಾರಿಯಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಹೈಸ್ಕೂಲ್ ಮೇಷ್ಟ್ರು. ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಮಾಗಡಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಮೊನ್ನೆ ಮೊನ್ನೆವರೆಗೆ ರಾಮನಗರ ಜಿಲ್ಲೆ. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಾಯಿತು. ಹಾಗಾಗಿ ನಾವೂ ಬೆಂಗಳೂರಿನವರೇ, ನೀವು ಒಪ್ಪಿದರೂ ಬಿಟ್ಟರೂ. ಎಂಟು, ಒಂಬತ್ತು, ಹತ್ತು ಮೂರೂ ಸೇರಿ 70 ಚಿಲ್ಲರೆ ಮಕ್ಕಳು. ರಾಗಿ ಹೊಲದ ಪಕ್ಕ ಒಂದು ಸಾಲು ಕೊಠಡಿ, ಮುಂದೆ ಒಂದು ಮೈದಾನ, ಮೈದಾನದ ಒಂದು ಮೂಲೆಯಲ್ಲಿ ಬಂಡೆ. ಕಿತ್ತು ಹಾಕೋಕೆ ಆಗಲಿಲ್ಲ, ಅದನ್ನೇ ಗ್ಯಾಲರಿ ಮಾಡಿಕೊಂಡಿದ್ದೇವೆ. ಭಾಷೆಗಳಿಗೆ ಮೂವರು, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಸಿಎಂಗೆ ಒಬ್ಬರು, ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಸಿಬಿಝಡ್‌ಗೆ ಒಬ್ಬರು ಅತಿಥಿ ಶಿಕ್ಷಕಿ, ನಾನು, ಹೆಡ್‌ಮೇಡಂ. ಪಿಇ, ಅಂದರೆ ದೈಹಿಕ ಶಿಕ್ಷಣದ ಮೇಷ್ಟ್ರ ಹುದ್ದೆ ಖಾಲಿ. ಹಾಗಾಗಿ ಮೊದಲನೇ ಪಾಣಿಪತ್ ಯುದ್ಧ ಹೇಳಿ ಮುಗಿಸಿ, ಸೀಟಿ ಕೊರಳಿಗೆ ಹಾಕಿಕೊಂಡು ಮೈದಾನಕ್ಕೆ ಇಳಿಯುವುದೂ ನಾನೇ.

ನನ್ನನ್ನು ಕರೆದವರು ‘ಗ್ರಾಮೀಣ ಶಾಲೆಯ ಸಮಸ್ಯೆಗಳು’ ಅಂತ ವಿಷಯ ಕೊಟ್ಟಿದ್ದರು. ಸಮಸ್ಯೆ ಹೇಳೋಕೆ ಕೂತರೆ ಊಟದ ಹೊತ್ತು ದಾಟುತ್ತದೆ. ಅದರ ಬದಲು ಶಾಲೆಯಲ್ಲಿ ಪಾಠ ಬಿಟ್ಟು ಏನೇನು ನಡೆಯುತ್ತದೆ ಅಂತ ಹೇಳುತ್ತೇನೆ. ಆಟ, ಹಾಡು, ಚುನಾವಣೆ, ಜಗಳ.

ಮೊದಲು ಹೋಬಳಿ ಮಟ್ಟದ ಕ್ರೀಡಾಕೂಟ. ಸ್ವಲ್ಪ ಲೆಕ್ಕ ಹಾಕೋಣ. ಕಬಡ್ಡಿಗೆ ಅಂಕಣದಲ್ಲಿ 7 ಜನ, ಹೊರಗೆ 5, ಒಟ್ಟು 12. ಖೊಖೊಗೆ ಆಡುವವರು 9, ಮೀಸಲು ಸೇರಿ 12. ವಾಲಿಬಾಲ್‌ಗೆ 6. ಥ್ರೋಬಾಲ್‌ಗೆ 7. ಆಮೇಲೆ ಓಟ, ರಿಲೇ, ಗುಂಡು ಎಸೆತ, ಉದ್ದ ಜಿಗಿತ. ನಮ್ಮಲ್ಲಿ ಹುಡುಗಿಯರು ಒಟ್ಟು ಮೂವತ್ತರ ಆಸುಪಾಸು. ಅದರಲ್ಲಿ ಒಂದಿಬ್ಬರನ್ನು ಮನೆಯವರು ಕಳಿಸಲ್ಲ, ಒಬ್ಬಳಿಗೆ ಜ್ವರ, ಇನ್ನೊಬ್ಬಳಿಗೆ ಅಕ್ಕನ ಸೀಮಂತ. ಉಳಿದವರಲ್ಲಿ ಎಲ್ಲ ತಂಡ ಕಟ್ಟಬೇಕು. ಏನಾಗುತ್ತದೆ? ಬೆಳಿಗ್ಗೆ ಖೊಖೊ ಆಡಿದವಳೇ ಮಧ್ಯಾಹ್ನ ಥ್ರೋಬಾಲ್ ಆಡುತ್ತಾಳೆ, ಸಂಜೆ ರಿಲೇಯಲ್ಲಿ ಮೂರನೇ ಓಟಗಾರ್ತಿ. ‘ನಂಗೆ ಬರಲ್ಲ ಸಾರ್’ ಅಂದವಳನ್ನೂ ಬಿಡೋ ಹಾಗಿಲ್ಲ, ಅವಳನ್ನು ಬಿಟ್ಟರೆ ತಂಡವೇ ಇಲ್ಲ. ಅವಳು ಬರುತ್ತಾಳೆ, ಆಡುತ್ತಾಳೆ, ಸೋಲುತ್ತೇವೆ. ಬಹಳ ಸಲ ಮೊದಲನೇ ಸುತ್ತಿನಲ್ಲೇ ಸೋಲುತ್ತೇವೆ, ಅದನ್ನು ಮುಚ್ಚಿಡುವುದು ಏನಿಲ್ಲ. ಆದರೆ ಮೈದಾನದಲ್ಲಿ ನಿಂತು ಸೋಲುವುದೂ, ಅಂಚಿನಲ್ಲಿ ಕೂತು ಬೇರೆಯವರು ಗೆದ್ದದ್ದಕ್ಕೆ ಚಪ್ಪಾಳೆ ತಟ್ಟುವುದೂ ಒಂದೇನಾ?

ದೊಡ್ಡ ಶಾಲೆಯಲ್ಲಿ 600 ಮಕ್ಕಳಿದ್ದರೂ ಕಬಡ್ಡಿ ತಂಡ 12 ಜನರದ್ದೇ. ಅದಕ್ಕೆ ಆಯ್ಕೆ ಇರುತ್ತದೆ. ಆಯ್ಕೆ ಅಂದರೆ ಹೆಚ್ಚಿನವರು ಹೊರಗೆ.

ಇದು ಸುಮ್ನೆ ನಮ್ಮ ಶಾಲೆಯ ಅಭಿಮಾನಕ್ಕೆ ಹೇಳುತ್ತಿರುವ ಮಾತಲ್ಲ. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ರೋಜರ್ ಬಾರ್ಕರ್, ಪಾಲ್ ಗಂಪ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು ಇದನ್ನೇ ಕೂತು ಎಣಿಸಿದರು. 35 ಮಕ್ಕಳ ಹೈಸ್ಕೂಲಿನಿಂದ ಹಿಡಿದು 2,000ಕ್ಕೂ ಜಾಸ್ತಿ ಮಕ್ಕಳಿದ್ದ ಹೈಸ್ಕೂಲಿನವರೆಗೆ ನೋಡಿದರು. 1964ರಲ್ಲಿ ಪ್ರಕಟಿಸಿದರು. ಕಾನ್ಸಾಸ್ ಅಂದರೆ ಗೋಧಿ ಬೆಳೆಯುವ ಬಯಲು ಸೀಮೆ, ನಮ್ಮ ರಾಗಿ ಸೀಮೆಗೂ ಅದಕ್ಕೂ ಎಲ್ಲಿಂದೆಲ್ಲಿಗೆ. ಆದರೆ ಅವರಿಗೆ ಕಂಡದ್ದು ನಮ್ಮ ಹೋಬಳಿ ಕ್ರೀಡಾಕೂಟದಲ್ಲಿ ಕಾಣುವುದೇ. ದೊಡ್ಡ ಶಾಲೆಯಲ್ಲಿ ಚಟುವಟಿಕೆಗಳ ಪಟ್ಟಿ ಉದ್ದ ಇರುತ್ತದೆ, ನಿಜ. ಆದರೆ ಮಕ್ಕಳ ಸಂಖ್ಯೆ ಬೆಳೆದಷ್ಟು ಆ ಪಟ್ಟಿ ಬೆಳೆಯಲ್ಲ. ಹಾಗಾಗಿ ಚಿಕ್ಕ ಶಾಲೆಯ ಒಬ್ಬೊಬ್ಬ ಹುಡುಗನ ಪಾಲಿಗೆ ಜವಾಬ್ದಾರಿಯ ಜಾಗಗಳು ಜಾಸ್ತಿ ಬರುತ್ತವೆ. ನಾಯಕ, ಪಾತ್ರಧಾರಿ, ಕಾರ್ಯದರ್ಶಿ, ತಂಡದಲ್ಲಿ ಒಬ್ಬ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ನನಗೆ ಅದು ಎಲ್ಲಕ್ಕಿಂತ ದೊಡ್ಡದು. ಓದಿನಲ್ಲಿ ಹಿಂದೆ ಇರುವ, ಮನೆಯ ಬೆಂಬಲ ಇಲ್ಲದ ಮಕ್ಕಳು ದೊಡ್ಡ ಶಾಲೆಯಲ್ಲಿ ‘ಇದೆಲ್ಲ ನಮಗಲ್ಲ’ ಅಂತ ದೂರ ಉಳಿಯುತ್ತಾರೆ. ಚಿಕ್ಕ ಶಾಲೆಯಲ್ಲಿ ಅಂಥ ಮಕ್ಕಳಿಗೂ ‘ನಾನು ಹೋಗಲೇಬೇಕು, ನಾನಿಲ್ಲದಿದ್ದರೆ ಆಗಲ್ಲ’ ಅನ್ನಿಸುತ್ತದೆ.

ನಮ್ಮಲ್ಲಿ ಒಬ್ಬ ಇದ್ದ. ಕಣ್ಣಿನ ತೊಂದರೆ, ಆಡೋಕೆ ಆಗುತ್ತಿರಲಿಲ್ಲ, ಓದಿನಲ್ಲಿ ಪಾಸಾದರೆ ಸಾಕು ಅನ್ನೋ ಥರ. ಖೊಖೊ ಅಂಕ ಬರೆಯೋಕೆ ಯಾರೂ ಇಲ್ಲ ಅಂತ ಅವನ ಕೈಗೆ ಪುಸ್ತಕ ಕೊಟ್ಟೆವು. ಯಾವ ಓಟಗಾರ ಎಷ್ಟು ನಿಮಿಷಕ್ಕೆ ಔಟಾದ, ಯಾರು ಔಟ್ ಮಾಡಿದರು, ಎಲ್ಲ ಗೆರೆ ಹಾಕಿ ಬರೆಯುತ್ತಿದ್ದ. ಎರಡನೇ ವರ್ಷಕ್ಕೆ ಹೋಬಳಿ ಕೂಟದಲ್ಲಿ ಬೇರೆ ಶಾಲೆಯ ಪಿಇ ಮೇಷ್ಟ್ರುಗಳೇ ‘ಆ ಹುಡುಗನ್ನ ಕೂರಿಸಿ, ಜಗಳ ಬರಲ್ಲ’ ಅನ್ನುತ್ತಿದ್ದರು. 600 ಮಕ್ಕಳ ಶಾಲೆಯಲ್ಲಿ ಅವನ ಹೆಸರಾದರೂ ಯಾರಿಗಾದರೂ ಗೊತ್ತಿರುತ್ತಿತ್ತಾ?

ಶಾಲಾ ಸಂಸತ್ತಿನ ಬಗ್ಗೆ ನೀವು ಪೇಪರಿನಲ್ಲಿ ಫೋಟೋ ನೋಡಿರುತ್ತೀರಿ. ಜೂನ್, ಜುಲೈನಲ್ಲಿ ಚುನಾವಣೆ. ನಾಮಪತ್ರ, ಪ್ರಚಾರ, ಮೊಬೈಲಿನಲ್ಲಿ ಮತಯಂತ್ರದ ಆ್ಯಪ್, ಬೆರಳಿಗೆ ಮಾರ್ಕರ್ ಪೆನ್ನಿನ ಗುರುತು. ಪ್ರಮಾಣ ವಚನ ಆಗುತ್ತದೆ, ಬ್ಯಾಡ್ಜ್ ಹಾಕುತ್ತಾರೆ, ಫೋಟೋ ತೆಗೆದು ಗ್ರೂಪಿಗೆ ಕಳಿಸಿದರೆ ಆ ವರ್ಷದ ಸಂಸತ್ತು ಮುಗಿಯಿತು. ಎಷ್ಟೋ ಕಡೆ ಹಾಗೇ. ನಮ್ಮಲ್ಲೂ ಹಾಗೇ ಆಗುತ್ತಿತ್ತೋ ಏನೋ, ಆದರೆ ಕೆಲಸ ಮಾಡೋಕೆ ಜನ ಇಲ್ಲ ನೋಡಿ. ಡಿ ಗ್ರೂಪ್ ನೌಕರ ಒಬ್ಬರೇ, ಅವರೂ ವಾರಕ್ಕೆರಡು ದಿನ ಕಚೇರಿ ಕೆಲಸಕ್ಕೆ ಮಾಗಡಿಗೆ ಹೋಗುತ್ತಾರೆ. ಹಾಗಾಗಿ ಮಂತ್ರಿಗಳು ನಿಜವಾಗಲೂ ಖಾತೆ ನಡೆಸಬೇಕಾಯಿತು.

ಆಹಾರ ಮಂತ್ರಿಯ ಕೆಲಸ ಹೇಳುತ್ತೇನೆ. ಪ್ರಾರ್ಥನೆ ಮುಗಿದ ತಕ್ಷಣ ಮೂರು ಕ್ಲಾಸಿಗೂ ಹೋಗಿ ಬಿಸಿಯೂಟಕ್ಕೆ ತಲೆ ಎಣಿಸಬೇಕು. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲು ಇದೆ, ಅದರ ಲೆಕ್ಕ ಬೇರೆ. ಮೊಟ್ಟೆ ಮೊದಲು ವಾರಕ್ಕೆ ಎರಡು ದಿನ ಇತ್ತು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸಹಾಯದಿಂದ ಆರು ದಿನ ಆಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಈ ಮೊಟ್ಟೆ, ಬಾಳೆಹಣ್ಣಿನ ಎಣಿಕೆ ಇದೆಯಲ್ಲ, ಅದು ನೀವು ಅಂದುಕೊಂಡಷ್ಟು ಸುಲಭ ಅಲ್ಲ. ಸೋಮವಾರ ಮೊಟ್ಟೆ ಬೇಡ ಅನ್ನುವವರು ಬೇರೆ, ಶನಿವಾರ ಬೇಡ ಅನ್ನುವವರು ಬೇರೆ, ಶ್ರಾವಣ ಬಂದರೆ ಪೂರ್ತಿ ಲೆಕ್ಕ ತಲೆಕೆಳಗು. ಅಯ್ಯಪ್ಪ ಮಾಲೆ ಹಾಕಿದ ಹುಡುಗರು ಇನ್ನೊಂದು ಪಟ್ಟಿ. ಒಂದು ವರ್ಷ ಆಹಾರ ಮಂತ್ರಿಯಾಗಿದ್ದ ಹುಡುಗಿ ಇದಕ್ಕೆ ಒಂದು ಚಾರ್ಟ್ ಮಾಡಿ ಅಡುಗೆಮನೆ ಗೋಡೆಗೆ ಅಂಟಿಸಿದಳು. ಅಡುಗೆಯವರು ಈಗಲೂ ಅದರ ಪ್ರಕಾರವೇ ಬೇಯಿಸುತ್ತಾರೆ. ಗಣಿತದಲ್ಲಿ ಅವಳಿಗೆ ಎಷ್ಟು ಅಂಕ ಬಂತು ಅಂತ ಮಾತ್ರ ಕೇಳಬೇಡಿ.

ವಿರೋಧ ಪಕ್ಷದ ನಾಯಕ ಅಂತಲೂ ಒಬ್ಬ ಇರುತ್ತಾನೆ. ಅವನ ಕೆಲಸ ಜಾಸ್ತಿ ಕಷ್ಟ. ಹೆಡ್‌ಮೇಡಂ ಕೂತಿರುವಾಗ ಎದ್ದು ನಿಂತು ‘ಶೌಚಾಲಯಕ್ಕೆ ನೀರು ಮೂರು ದಿನದಿಂದ ಬಂದಿಲ್ಲ’ ಅನ್ನಬೇಕಲ್ಲ.

ಇದರ ಫಲ ಹೊರಗೆ ಕಾಣುವುದು ಮಕ್ಕಳ ಗ್ರಾಮಸಭೆಯಲ್ಲಿ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿ ನಡೆಸಬೇಕಾದ ಸಭೆ ಇದು. ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಶುರುವಾಗುತ್ತದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಅಧ್ಯಕ್ಷರು, ಸದಸ್ಯರು, ಅಂಗನವಾಡಿ ಕಾರ್ಯಕರ್ತೆಯರು ಎಲ್ಲ ಬರುತ್ತಾರೆ. ಮಕ್ಕಳಿಗೆ ಮೈಕು ಕೊಡುತ್ತಾರೆ. ಮಕ್ಕಳು ಕೇಳುತ್ತಾರೆ: ಬೀದಿ ದೀಪ, ಕಾಂಪೌಂಡು, ನಮ್ಮ ಊರಿನ ಹತ್ತಿರ ಬಸ್ಸು ನಿಲ್ಲಿಸಿ, ಶಾಲೆ ದಾರಿಯ ಪೆಟ್ಟಿಗೆ ಅಂಗಡಿಯಲ್ಲಿ ಗುಟ್ಕಾ ಮಾರುತ್ತಾರೆ. ದೊಡ್ಡವರು ‘ಪರಿಶೀಲಿಸುತ್ತೇವೆ’ ಅನ್ನುತ್ತಾರೆ. ಬಿಸ್ಕತ್ತು ಕೊಡುತ್ತಾರೆ. ಒಂದು ಸಲ ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿ ಎದ್ದು ಏನೂ ಕೇಳಲಿಲ್ಲ. ‘ಹೋದ ವರ್ಷದ ನಡಾವಳಿ ಪುಸ್ತಕ ಓದಿ ಸಾರ್’ ಅಂದಳು. ಅಷ್ಟೇ. ಸಭೆ ಎರಡು ನಿಮಿಷ ಗಪ್ ಚುಪ್. ಪುಸ್ತಕ ತರಿಸಿದರು, ಓದಿದರು. ಏಳು ಬೇಡಿಕೆಯಲ್ಲಿ ಆಗಿದ್ದು ಒಂದು. ಆ ವರ್ಷ ಇನ್ನೂ ಎರಡು ಆದವು, ಅದರಲ್ಲಿ ಶಾಲೆ ದಾರಿಯ ದೀಪವೂ ಒಂದು. ನಡಾವಳಿ ಓದಿಸಬೇಕು ಅಂತ ನಾನು ಹೇಳಿಕೊಟ್ಟಿರಲಿಲ್ಲ. ಸಂಸತ್ತಿನಲ್ಲಿ ಕಾರ್ಯದರ್ಶಿಯಾಗಿ ನಡಾವಳಿ ಬರೆದು ಬರೆದು ಅವಳಿಗೆ ಅದರ ಬೆಲೆ ಗೊತ್ತಾಗಿತ್ತು.

ಇನ್ನು ಪ್ರತಿಭಾ ಕಾರಂಜಿ, ಅಂದರೆ ಶಾಲಾ ಮಕ್ಕಳ ಪ್ರತಿಭಾ ಸ್ಪರ್ಧೆಗಳ ವಿಷಯ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಮೇಲೆ ಹೋಗುತ್ತದೆ. ಭಾಷಣ, ಭಾವಗೀತೆ, ಜಾನಪದ ಗೀತೆ, ಮಿಮಿಕ್ರಿ, ರಂಗೋಲಿ, ಚರ್ಚೆ, ಜಾನಪದ ನೃತ್ಯ, ಕವ್ವಾಲಿ, ಪಟ್ಟಿ ದೊಡ್ಡದು. ಒಳ್ಳೆಯ ಕಾರ್ಯಕ್ರಮ, ನನಗೇನೂ ತಕರಾರಿಲ್ಲ. ಒಂದೇ ಒಂದು ಬಿಟ್ಟು. ನಮ್ಮ ಕಡೆ ಪೂಜಾ ಕುಣಿತ, ಪಟದ ಕುಣಿತ ಇನ್ನೂ ಜೀವಂತ ಇದೆ. ನಮ್ಮ ಹುಡುಗರ ಚಿಕ್ಕಪ್ಪಂದಿರು, ಮಾವಂದಿರು ಜಾತ್ರೆಯಲ್ಲಿ ಕುಣಿಯುತ್ತಾರೆ. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು 1994ರಲ್ಲಿ ಕಟ್ಟಿದ ಜಾನಪದ ಲೋಕ ಅನ್ನುವ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋದರೆ, ಅಲ್ಲಿ ಗಾಜಿನ ಹಿಂದೆ ಇಟ್ಟದ್ದನ್ನು ನೋಡಿ ‘ಇದು ನಮ್ಮ ಅಟ್ಟದ ಮೇಲಿದೆ ಸಾರ್’ ಅನ್ನುವ ಮಕ್ಕಳು. ಇವರು ತಲೆಯ ಮೇಲೆ ಪೂಜೆ ಹೊತ್ತು, ತಮಟೆ ಏಟಿಗೆ ಕುಣಿದರೆ, ಬಾಡಿಗೆ ಬಟ್ಟೆ ಹಾಕಿಕೊಂಡು ಪೆನ್‌ಡ್ರೈವ್ ಹಾಡಿಗೆ ಕುಣಿದವರಿಗೆ ಬಹುಮಾನ ಹೋಗುತ್ತದೆ. ಎಲ್ಲ ಸಲ ಅಂತಲ್ಲ. ಜಾಸ್ತಿ ಸಲ. ತೀರ್ಪುಗಾರರಿಗೆ ಹೊಳಪು ಬೇಕು. ಜಾನಪದ ನೃತ್ಯದಲ್ಲಿ ಹೊಳಪಿಗೆ ಅಂಕ ಕೊಡಬಾರದು ಅಂತ ನನ್ನ ವಾದ, ಹತ್ತಾರು ಸಲ ಹೇಳಿದ್ದೇನೆ, ಇಲ್ಲೂ ಹೇಳುತ್ತಿದ್ದೇನೆ.

ಈಗ ಮೊದಲು ಹೇಳಿದ ವಾಪಸ್ಸು ದಾರಿಯ ವಿಷಯ.

2018-19ರಿಂದ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದಿವೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ. ಕಟ್ಟಡ ಚೆನ್ನಾಗಿರುತ್ತದೆ, ಲ್ಯಾಬ್ ಇರುತ್ತದೆ, ಮೇಷ್ಟ್ರುಗಳು ಪೂರ್ತಿ ಇರುತ್ತಾರೆ. ಇವು ಬೇಡ ಅನ್ನುವ ಮನುಷ್ಯ ನಾನಲ್ಲ. ನನಗೆ ದಿಗಿಲು ಹುಟ್ಟಿಸುವುದು ಅದರ ಜೊತೆಗೇ ಬರುವ ಇನ್ನೊಂದು ಮಾತು: ಸುತ್ತಲಿನ ಚಿಕ್ಕ ಶಾಲೆಗಳನ್ನು ಅದರೊಳಗೆ ಸೇರಿಸಿಬಿಡೋಣ, ಮಕ್ಕಳಿಗೆ ಬಸ್ಸು ಕೊಟ್ಟರಾಯಿತು.

ಬಸ್ಸಿನ ಲೆಕ್ಕ ಹಾಕುವವರು ಸಂಜೆಯ ಲೆಕ್ಕ ಹಾಕಲ್ಲ. ನಾನು ಇಷ್ಟು ಹೊತ್ತು ಹೇಳಿದೆನಲ್ಲ, ಖೊಖೊ ಅಭ್ಯಾಸ, ನಾಟಕದ ತಾಲೀಮು, ಗೋಡೆ ಪತ್ರಿಕೆ ಬರೆಯುವುದು, ಸಂಸತ್ತಿನ ಜಗಳ, ಇದೆಲ್ಲ ನಡೆಯುವುದು ಯಾವಾಗ? ವೇಳಾಪಟ್ಟಿಯಲ್ಲಿ ವಾರಕ್ಕೆ ಒಂದೆರಡು ಪಿರಿಯಡ್ ಇದೆ, ಅದನ್ನು ಗಣಿತದವರೋ ಇಂಗ್ಲಿಷಿನವರೋ ಕೇಳಿ ತಗೊಂಡಿರುತ್ತಾರೆ. ನಿಜವಾದ ಚಟುವಟಿಕೆ ನಡೆಯುವುದು ಸಂಜೆ ಬೆಲ್ ಹೊಡೆದ ಮೇಲೆ, ಕತ್ತಲಾಗುವ ತನಕ. ನಮ್ಮ ಮಕ್ಕಳ ಮನೆ ನಡೆದು ಹೋಗುವಷ್ಟು ದೂರದಲ್ಲಿದೆ, ಅದಕ್ಕೇ ಅವರು ಉಳಿಯುತ್ತಾರೆ. ಬಸ್ಸಿನಲ್ಲಿ ಹೋಗುವ ಮಗುವಿಗೆ ಆ ಹೊತ್ತು ಇಲ್ಲ. ಬಸ್ಸು ಹೊರಟರೆ ಹೊರಡಬೇಕು. ಇದು ನಮಗೆ ಅಂದಾಜಿನ ಮಾತಲ್ಲ, ಈಗಲೇ ನೋಡುತ್ತಿದ್ದೇವೆ: ದೂರದ ಎರಡು ಹಳ್ಳಿಯಿಂದ ಬರುವ ಮಕ್ಕಳು ಯಾವ ತಂಡದಲ್ಲೂ ಗಟ್ಟಿಯಾಗಿ ನಿಲ್ಲಲ್ಲ, ಅವರಿಗೆ ಆಸೆ ಇಲ್ಲ ಅಂತಲ್ಲ, ಸಂಜೆ ಒಂದೇ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ ಚಿಂತೆ ಇಲ್ಲ, ಒಳ್ಳೆಯದೇ ಆಯಿತು. ಆದರೆ ಬಸ್ಸುಗಳ ಸಂಖ್ಯೆ ನಮ್ಮ ದಾರಿಯಲ್ಲಿ ಅಷ್ಟೇ ಇದೆ. ಮೊದಲು ಎಂಟನೇ ಕ್ಲಾಸಿಗೆ ಸೈಕಲ್ ಕೊಡುತ್ತಿದ್ದರು, 2006-07ರಲ್ಲಿ ಶುರುವಾದದ್ದು, ಕೋವಿಡ್ ಕಾಲದಲ್ಲಿ ನಿಂತಿತು. ಸೈಕಲ್ ಇದ್ದ ವರ್ಷಗಳಲ್ಲಿ ದೂರದ ಹುಡುಗಿಯರೂ ಅಭ್ಯಾಸಕ್ಕೆ ಉಳಿಯುತ್ತಿದ್ದರು, ಗುಂಪಾಗಿ ಮನೆಗೆ ಹೋಗುತ್ತಿದ್ದರು. ಸೈಕಲ್ ಅಂದರೆ ಓದಿಗೆ ಸಹಾಯ ಅಂತಷ್ಟೇ ಎಲ್ಲರೂ ಹೇಳಿದರು. ಅದು ಸಂಜೆಯನ್ನೂ ಕೊಟ್ಟಿತ್ತು.

ಎಸ್ಸೆಸ್ಸೆಲ್ಸಿ ಬಗ್ಗೆ ಹೇಳದೆ ಹೋದರೆ ನೀವು ಕೇಳಿಯೇ ಕೇಳುತ್ತೀರಿ. 2023ರಲ್ಲಿ ರಾಜ್ಯದ ಫಲಿತಾಂಶ 83.89 ಶೇಕಡಾ ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು, ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಅಲ್ಲಿಂದ ಮೇಲಿನವರಿಗೆ ನಿದ್ದೆ ಇಲ್ಲ, ಹಾಗಾಗಿ ನಮಗೂ ಇಲ್ಲ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ಪಾಸಿಂಗ್ ಪ್ಯಾಕೇಜ್, ಒಬ್ಬೊಬ್ಬ ಮೇಷ್ಟ್ರಿಗೆ ನಾಲ್ಕೈದು ಮಕ್ಕಳ ದತ್ತು. ಡಿಸೆಂಬರ್ ಬಂದರೆ ಹತ್ತನೇ ಕ್ಲಾಸು ಮೈದಾನದಿಂದ ಮಾಯ. ಕ್ಯಾಮೆರಾ ಬಂದದ್ದು ಸರಿ, ನಕಲು ನಿಲ್ಲಬೇಕು. ಆದರೆ ಫಲಿತಾಂಶ ಬಿದ್ದದ್ದು ಖೊಖೊ ಆಡಿದ್ದಕ್ಕೆ ಅಲ್ಲವಲ್ಲ. ನಮ್ಮಲ್ಲಿ ಹತ್ತನೇ ಕ್ಲಾಸಿನವರನ್ನು ವಾರಕ್ಕೆ ಎರಡು ಸಂಜೆ ಮುಕ್ಕಾಲು ಗಂಟೆ ಆಡೋಕೆ ಬಿಡುತ್ತೇವೆ, ಫೆಬ್ರವರಿವರೆಗೂ. ಕಡತದಲ್ಲಿ ಅದರ ಹೆಸರು ಬೇರೆ ಇದೆ, ಅದನ್ನು ಇಲ್ಲಿ ಹೇಳಲ್ಲ.

ಹಾಗಂತ ಶಾಲೆ ಎಷ್ಟು ಚಿಕ್ಕದಾದರೂ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಮೂರು ಕ್ಲಾಸು ಸೇರಿ 20 ಮಕ್ಕಳಾದರೆ ಆಟವೇ ಇಲ್ಲ. ಅಭ್ಯಾಸಕ್ಕೆ ಎದುರು ತಂಡ ಬೇಕಲ್ಲ? ಮಕ್ಕಳು ಕಡಿಮೆಯಾದರೆ ಶಿಕ್ಷಕರನ್ನು ‘ಹೆಚ್ಚುವರಿ’ ಅಂತ ಬೇರೆ ಕಡೆ ಹಾಕುತ್ತಾರೆ, ಉಳಿದವರ ಮೇಲೆ ಹೊರೆ ಬೀಳುತ್ತದೆ, ಹಾಡು ಕಲಿಸುವವರಿಲ್ಲ, ಪ್ರಯೋಗ ಮಾಡಿಸುವವರಿಲ್ಲ. ಇನ್ನೊಂದು ತೊಂದರೆ, ಎಲ್ಲದಕ್ಕೂ ಅದೇ ನಾಲ್ಕು ಮಕ್ಕಳು ಸವೆದು ಹೋಗುತ್ತಾರೆ. ಚುರುಕಾದ ಹುಡುಗಿ ಅಂದರೆ ಭಾಷಣಕ್ಕೂ ಅವಳೇ, ಸ್ವಾಗತ ಗೀತೆಗೂ ಅವಳೇ, ಅತಿಥಿಗೆ ಹೂವು ಕೊಡೋಕೂ ಅವಳೇ. ಅವಳಿಗೂ ಒಂದು ದಿನ ಸುಸ್ತಾಗುತ್ತದೆ. ನನ್ನ ಒರಟು ಅಳತೆ ಒಂದಿದೆ: ಶಾಲೆಯಲ್ಲಿ ಹುಡುಗರದ್ದು ಎರಡು, ಹುಡುಗಿಯರದ್ದು ಎರಡು ಕಬಡ್ಡಿ ತಂಡ ಕಟ್ಟಿ ಒಳಗೊಳಗೇ ಆಡಿಸುವಷ್ಟು ಮಕ್ಕಳಿದ್ದರೆ ಆ ಶಾಲೆಯನ್ನು ಮುಟ್ಟಬೇಡಿ. ತಜ್ಞರು ಬೇರೆ ಅಳತೆ ಹೇಳಬಹುದು. ಹೇಳಲಿ. ಆದರೆ ಮಕ್ಕಳ ಸಂಖ್ಯೆ, ಕೊಠಡಿ, ಖರ್ಚು ಇವುಗಳ ಜೊತೆ, ಈ ಶಾಲೆಯಲ್ಲಿ ಎಷ್ಟು ಮಕ್ಕಳ ಕೈಯಲ್ಲಿ ಏನಾದರೂ ಒಂದು ಕೆಲಸ ಇದೆ ಅಂತಲೂ ಎಣಿಸಿ ಆಮೇಲೆ ಬೀಗ ಹಾಕುವ ಮಾತಾಡಲಿ.

ಕೊನೆಗೆ ಸಭೆಯಲ್ಲಿ ಒಬ್ಬರು ಕೇಳಿದರು, ನಾವು ಬೆಂಗಳೂರಿನವರು ಏನು ಸಹಾಯ ಮಾಡಬಹುದು ಅಂತ. ಕೇಳಿದ್ದಕ್ಕೆ ಖುಷಿಯಾಯಿತು, ನೇರವಾಗಿಯೇ ಹೇಳಿದೆ. ನೋಟ್‌ಬುಕ್ ಬೇಡ. ಪ್ರತಿ ಜೂನ್‌ನಲ್ಲಿ ಮೂರು ನಾಲ್ಕು ತಂಡ ಬಂದು ನೋಟ್‌ಬುಕ್ ಕೊಟ್ಟು ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡು ಹೋಗುತ್ತವೆ, ಬೀರುವಿನಲ್ಲಿ ಜಾಗ ಇಲ್ಲ. ಪೇಂಟ್ ಕೂಡ ಬೇಡ, ಗೋಡೆಗೆ ಈಗಾಗಲೇ ರೈಲಿನ ಬಣ್ಣ ಹೊಡೆದಿದ್ದಾರೆ. ನಿಮ್ಮಲ್ಲಿ ತಬಲಾ, ಹಾರ್ಮೋನಿಯಂ ಬರುವವರು, ನಾಟಕ ಮಾಡಿಸುವವರು, ವಾಲಿಬಾಲ್ ಆಡಿದವರು ಯಾರಾದರೂ ಇದ್ದರೆ ಬನ್ನಿ. ಒಂದು ದಿನ ಬಂದು ಹೋಗಬೇಡಿ, ಒಂದು ತಿಂಗಳ ಶನಿವಾರಗಳನ್ನು ಕೊಡಿ. ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನ ಪೂರ್ತಿ ಖಾಲಿ ಇರುತ್ತದೆ. ಜಿಲ್ಲಾ ಮಟ್ಟಕ್ಕೆ ಯಾರಾದರೂ ಆಯ್ಕೆಯಾದರೆ ಟೆಂಪೋ ಬಾಡಿಗೆ ಮೇಷ್ಟ್ರುಗಳ ಜೇಬಿನಿಂದ ಹೋಗುತ್ತದೆ, ಅದನ್ನು ಯಾರಾದರೂ ಹೊತ್ತುಕೊಂಡರೆ ದೊಡ್ಡ ಉಪಕಾರ. ಹುಡುಗಿಯರಿಗೆ ಆಟದ ಶೂ ಬೇಕು, ಅಳತೆಯ ಪಟ್ಟಿ ನಾನೇ ಕಳಿಸುತ್ತೇನೆ. ಹೋಬಳಿ ಕೂಟ ಜುಲೈ ಕೊನೆ ಇಲ್ಲವೇ ಆಗಸ್ಟಿನಲ್ಲಿ ಬರುತ್ತದೆ, ಹಾಗಾಗಿ ವಾಲಿಬಾಲಿನವರು ಜೂನ್‌ನಲ್ಲೇ ಬರಬೇಕು, ಹಾಡು ನಾಟಕದವರು ಆಗಸ್ಟಿನ ನಂತರ ಬಂದರೂ ನಡೆಯುತ್ತದೆ. ಮಾಗಡಿ ರಸ್ತೆ ಹಿಡಿದು ಬನ್ನಿ, ಬೆಳಿಗ್ಗೆ ಹತ್ತರೊಳಗೆ ಸುಂಕದಕಟ್ಟೆ ದಾಟಿಬಿಡಿ, ಆಮೇಲೆ ಟ್ರಾಫಿಕ್ ಜಾಸ್ತಿ. ಊಟಕ್ಕೆ ಮೊದಲೇ ಹೇಳಿ, ಆಹಾರ ಮಂತ್ರಿ ಲೆಕ್ಕ ಬರೆದುಕೊಳ್ಳಬೇಕು.